ಗುಂಡಿ ಕಾಯ್ದ ಮೇಷ್ಟ್ರು

ರಸ್ತೆ ಗುಂಡಿಯಲ್ಲಿ ಗಿಡ ನೆಡುವುದು ಹಳೇ ವರಸೆ. ಅದರಿಂದ ಮುಚ್ಚಿದ ಗುಂಡಿಗಿಂತ ಸತ್ತ ಗಿಡಗಳೇ ಹೆಚ್ಚು. ಆದರೂ ಪತ್ರಿಕೆಯವರು ಬಂದರೆ ಫೋಟೊ ಚೆನ್ನಾಗಿ ಬರುತ್ತದೆ ಅಂತ ಆ ಬೆಳಿಗ್ಗೆ ನಮ್ಮ ಬೀದಿಯವರು ಒಂದು ಬಾಳೆಗಿಡ ಹೊತ್ತು ತಂದಿದ್ದರು. ನಗರಸಭೆಯ ಇಂಜಿನಿಯರ್ ಬಂದು ಮಾತು ಕೊಡುವತನಕ ಏಳುವುದಿಲ್ಲ ಅಂತ ಎಲ್ಲರೂ ರಸ್ತೆಗೆ ಅಡ್ಡ ಕೂತಿದ್ದೆವು. ಎರಡೂ ಕಡೆ ಮರದ ಡಿಪೋದ ಲಾರಿಗಳು ನಿಂತು ಹಾರ್ನ್ ಬಡಿಯುತ್ತಿದ್ದವು. ಬಾಳೆಗಿಡವನ್ನು ದೊಡ್ಡ ಗುಂಡಿಗೆ ಇಳಿಸಿ, ಪಂಕ್ಚರ್ ಅಂಗಡಿಯವನು ಬಾಣಲಿಯಲ್ಲಿ ಮಣ್ಣೆತ್ತಿ ಇನ್ನೇನು ಸುರಿಯಬೇಕು, ಅಷ್ಟರಲ್ಲಿ ಬೀದಿಯ ಮೇಲ್ತುದಿಯಿಂದ ಒಬ್ಬ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದ. ಕಂಕುಳಲ್ಲಿ ಗೋಣಿಚೀಲ ಸುತ್ತಿದ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ. ಒಂದು ಕಾಲಲ್ಲಿ ಚಪ್ಪಲಿ ಇಲ್ಲ.

"ನಿಲ್ಲಿ, ನಿಲ್ಲಿ! ಮಣ್ಣು ಹಾಕ್ಬೇಡಿ!"

"ಯಾಕ್ರೀ ಮೇಷ್ಟ್ರೇ?"

"ಗಿಡ ಇಡೋದಾದ್ರೆ ಡಬ್ಬದಲ್ಲಿಟ್ಟು ಇಡಿ. ನನ್ನದೇನೂ ಅಭ್ಯಂತರ ಇಲ್ಲ. ಗುಂಡಿಗೆ ಮಾತ್ರ ಏನೂ ತುಂಬ್ಬೇಡಿ. ಅಳತೆ ಕೆಟ್ಟುಹೋಗುತ್ತೆ."

ಧರಣಿ ಮುರಿಯಲು ಬಂದವರನ್ನು ಬೀದಿಯ ಹೋರಾಟ ಸಮಿತಿಯವರಾದ ನಾವು ಬೇಕಾದಷ್ಟು ಕಂಡಿದ್ದೇವೆ. ಲಾಠಿ ಹಿಡಿದು ಬಂದವರು, ಕೈಮುಗಿದು ಬಂದವರು, ಚಹಾ ತರಿಸಿ ಕುಡಿಸಿ ಮನೆಗೆ ಕಳಿಸಲು ನೋಡಿದವರು. ಗುಂಡಿಯ ಪರವಾಗಿ ಒಬ್ಬ ಮನುಷ್ಯ ಬಂದದ್ದು ಅದೇ ಮೊದಲು.

ಅವನು ನಮ್ಮ ಊರಿನ ವಿಶ್ವವಿದ್ಯಾಲಯದ ರಸ್ತೆ ಪ್ರಯೋಗಾಲಯದಲ್ಲಿ ಸಂಶೋಧಕ. ಬೀದಿಯವರ ಬಾಯಲ್ಲಿ 'ಗುಂಡಿ ಮೇಷ್ಟ್ರು'. ಪಾಠ ಮಾಡಿದ್ದು ಕಡಿಮೆ. ರಸ್ತೆಯ ಮೇಲೆ ಮೊಣಕಾಲೂರಿ, ಪಟ್ಟಿಯನ್ನು ಅಡ್ಡ ಇಟ್ಟು, ಅದರಡಿಯ ಸಂದಿಗೆ ಗೀಟು ಹಾಕಿದ ಬೆಣೆ ತೂರಿಸಿ, ಎಷ್ಟು ಕುಸಿದಿದೆ ಅಂತ ನೋಡಿದ್ದೇ ಹೆಚ್ಚು. "ನಿಧಿ ಸಿಕ್ಕಿತಾ ಮೇಷ್ಟ್ರೇ?" ಅಂತ ಲಾರಿಯವರು ಕೂಗಿ ಹೋಗುತ್ತಿದ್ದರು. "ಸಿಕ್ಕಿದ್ರೆ ನಿಮಗೆ ಹೇಳ್ತೀನಾ?" ಅಂತ ಅವನು ತಲೆ ಎತ್ತದೆಯೇ ಹೇಳುತ್ತಿದ್ದ.

ಅವನ ಅಪ್ಪ ರೋಡ್ ರೋಲರ್ ಚಾಲಕ. ಊರಿನಲ್ಲೇ ಅತಿ ನಿಧಾನದ ವಾಹನ ಓಡಿಸುವವನ ಮನೆಯಲ್ಲಿ ಕಾಲು ನಿಲ್ಲದ ಮಗ ಹುಟ್ಟಿದ. ಊಟಕ್ಕೆ ಕೂತರೆ ಅರ್ಧದಲ್ಲಿ ಎದ್ದು ಕಿಟಕಿಗೆ ಹೋಗಿ ಬರುವವನು, ಶಾಲೆಯಲ್ಲಿ ಬೆಂಚಿನ ತುದಿಯಲ್ಲೇ ಕೂರುವವನು. ತಾಯಿ ಬೇಗ ತೀರಿಕೊಂಡಳು. ಅಪ್ಪ ರೋಲರ್ ಹೋದಲ್ಲಿ ಹೋಗಿ, ರಸ್ತೆ ಬದಿಯ ಡೇರೆಯಲ್ಲಿ ಮಲಗಿ, ವಾರಕ್ಕೊಮ್ಮೆ ಡಾಂಬರು ವಾಸನೆ ಹೊತ್ತು ಮನೆಗೆ ಬರುತ್ತಿದ್ದ. ತಮ್ಮನನ್ನು ಬೆಳೆಸಿದವಳು ಅಕ್ಕ. ಅವನಿಗಿಂತ ಕೆಲವೇ ವರ್ಷ ದೊಡ್ಡವಳು, ಆದರೆ ಬಾಯಿ ಮಾತ್ರ ಅಜ್ಜಿಯದು. ಇವನನ್ನು ಊಟಕ್ಕೆ ಕೂರಿಸಲು ಅಂಗಿಯ ತುದಿಯನ್ನು ತನ್ನ ಲಂಗದ ಅಂಚಿಗೆ ಗಂಟು ಹಾಕಿಕೊಂಡು ಕೂರುತ್ತಿದ್ದಳಂತೆ. "ಗಂಟು ಬಿಚ್ಚಿದ್ದೇ ತಪ್ಪಾಯ್ತು, ಅವತ್ತಿಂದ ಇವತ್ತಿನವರೆಗೂ ಕೂತಿಲ್ಲ ಈ ಪ್ರಾಣಿ" ಅಂತ ಈಗಲೂ ಹೇಳುತ್ತಾಳೆ.

ಅಂಥವನು ಓದಿದ್ದು ರಸ್ತೆಯನ್ನೇ. ಕೆಲಸ ಸಿಕ್ಕಿದ್ದೂ ಅಲ್ಲೇ, ಆದರೆ ತಾತ್ಕಾಲಿಕ. ಒಂದು ಯೋಜನೆ ಮುಗಿದು ಇನ್ನೊಂದು ಬರುವವರೆಗೆ ಕುರ್ಚಿ ಇದೆಯೋ ಇಲ್ಲವೋ ಗೊತ್ತಿಲ್ಲ. ಅವನ ಜೊತೆ ಸೇರಿದವರು ಪ್ರಾಧ್ಯಾಪಕರಾದರು. ಒಬ್ಬಾಕೆ ವಿಭಾಗದ ಮುಖ್ಯಸ್ಥೆಯೂ ಆದಳು. ಇವನಿಗೆ ತಲೆ ನರೆಯಿತು, ಹುದ್ದೆಯ ಹೆಸರು ಮಾತ್ರ ಹಾಗೇ ಉಳಿಯಿತು. ಮದುವೆಯಾಗಲಿಲ್ಲ. ಕೇಳಿದರೆ, "ನನ್ನ ಜೊತೆ ಒಂದು ಕಡೆ ಕೂರೋಳು ಸಿಗಲಿಲ್ಲ" ಅನ್ನುತ್ತಿದ್ದ. "ಕೂರೋಳು ಸಿಕ್ಕಿದ್ಲು ಕಣೋ, ಕೂರೋನು ಸಿಗಲಿಲ್ಲ" ಅಂತ ಅಕ್ಕ ತಿದ್ದುತ್ತಿದ್ದಳು.

ಪ್ರಯೋಗಾಲಯ ಎಂದರೆ ದೊಡ್ಡದೇನಲ್ಲ. ತಗಡಿನ ಸೂರು, ಕಪ್ಪು ಹಿಡಿದ ಗೋಡೆ, ಜಲ್ಲಿಯನ್ನು ಗಾತ್ರದ ಪ್ರಕಾರ ತುಂಬಿಟ್ಟ ಡ್ರಮ್ಮುಗಳು. ಒಂದು ಮೂಲೆಯಲ್ಲಿ ಡಾಂಬರು ಬಿಸಿ ಮಾಡುವ ಒಲೆ. ಇನ್ನೊಂದರಲ್ಲಿ ಅಚ್ಚಿಗೆ ತುಂಬಿದ ಬಿಸಿ ಮಿಶ್ರಣದ ಮೇಲೆ ಧಡ್ ಧಡ್ ಅಂತ ಬೀಳುವ ಸುತ್ತಿಗೆ. ನಡುವೆ, ಗಾಜಿನ ಪೆಟ್ಟಿಗೆಯೊಳಗೆ, ಒಂದು ಚಕ್ರ. ಬಿಸಿನೀರಿನಲ್ಲಿ ಮುಳುಗಿದ ರಸ್ತೆಯ ತುಂಡಿನ ಮೇಲೆ ಅದು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಹೋಗುತ್ತದೆ. ತುಂಡು ಎಲ್ಲಿ ಸೋಲುತ್ತದೆ ಅಂತ ನೋಡುವವರೆಗೆ ನಿಲ್ಲುವುದಿಲ್ಲ. ಉಳಿದವರು ಯಂತ್ರ ಚಾಲೂ ಮಾಡಿ ಕ್ಯಾಂಟೀನಿಗೆ ಹೋಗುತ್ತಿದ್ದರು. ಇವನು ಅದರ ಪಕ್ಕದಲ್ಲೇ ಅತ್ತಿಂದಿತ್ತ ಓಡಾಡುತ್ತಿದ್ದ. "ಒಂದು ಚಕ್ರ ಪೆಟ್ಟಿಗೆ ಒಳಗೆ, ಇನ್ನೊಂದು ಹೊರಗೆ" ಅಂತ ಮುಖ್ಯಸ್ಥೆಯೇ ನಗುತ್ತಿದ್ದಳು.

ಮೊಟ್ಟೆಯ ವಿಷಯ ಶುರುವಾದದ್ದು ಅಕ್ಕನ ಮನೆಯಲ್ಲಿ. ನಮ್ಮ ಬೀದಿಯ ಕೆಳಗಿನ ಅರ್ಧದಲ್ಲಿ ಅವಳ ಮನೆ. ಕೆಳಗೆ ಭಾವನ ಮೊಟ್ಟೆ ಮಂಡಿ, ಮೇಲೆ ವಾಸ. ಭಾವ ಮೂರು ಚಕ್ರದ ಸಾಮಾನು ಗಾಡಿಯಲ್ಲಿ ಮೊಟ್ಟೆಯ ಟ್ರೇಗಳನ್ನು ಪೇರಿಸಿ ಅಂಗಡಿ ಅಂಗಡಿಗೆ ಹಾಕುವವನು. ಗಾಡಿಯನ್ನು ಮದುವಣಗಿತ್ತಿಯನ್ನು ಕರೆತರುವಂತೆ ನಡೆಸುತ್ತಾನೆ. ಆದರೂ ರಸ್ತೆ ಬಿಡಬೇಕಲ್ಲ. ದಿನಾ ಒಂದಷ್ಟು ಒಡೆದೇ ಮನೆಗೆ ಬರುತ್ತಿದ್ದವು. ಒಂದು ದಿನ ಅಕ್ಕ ಬೈಯುತ್ತ ಟ್ರೇ ತೊಳೆಯುತ್ತಿದ್ದಾಗ ತಮ್ಮ ಸಿಪ್ಪೆಗಳನ್ನು ಬೆರಳಲ್ಲಿ ಪುಡಿಮಾಡುತ್ತ ನಿಂತ. ಆಮೇಲೆ ಒಂದು ಚೀಲಕ್ಕೆ ತುಂಬಿಕೊಂಡ.

"ಅದನ್ನೇನೋ ಮಾಡ್ತೀಯ?"

"ರಸ್ತೆ ಮಾಡ್ತೀನಿ."

"ಮೊಟ್ಟೆ ಒಡೆಯೋದು ರಸ್ತೆ, ರಸ್ತೆ ಮಾಡೋದು ಮೊಟ್ಟೆ! ನಿಮ್ಮ ವಂಶಕ್ಕೆ ಡಾಂಬರು ತಲೆಗೆ ಏರಿದೆ ಕಣೇ" ಅಂದ ಭಾವ ಹೆಂಡತಿಗೆ.

ಹುಚ್ಚೇನೂ ಅಲ್ಲ ಅದು. ಡಾಂಬರು ಹಾಕುವಾಗ ಜಲ್ಲಿಯ ಸಂದುಗಳನ್ನು ತುಂಬಲು ಕಲ್ಲಿನ ನುಣ್ಣನೆಯ ಪುಡಿ ಬೆರೆಸುತ್ತಾರೆ. ಮಳೆನೀರು ಜಲ್ಲಿಗೂ ಡಾಂಬರಿಗೂ ನಡುವೆ ನುಗ್ಗಿ ಎರಡನ್ನೂ ಬೇರೆ ಮಾಡಿದರೆ ಅಲ್ಲಿಗೆ ರಸ್ತೆಯ ಕಥೆ ಮುಗಿಯಿತು. ಕಲ್ಲಿನ ಪುಡಿಯಲ್ಲಿ ಒಂದು ಪಾಲು ತೆಗೆದು ಮೊಟ್ಟೆ ಸಿಪ್ಪೆಯ ಪುಡಿ ಹಾಕಿದರೆ ಡಾಂಬರು ಜಲ್ಲಿಯನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ ಎಂಬುದು ಅವನ ವಾದ. ಪೆಟ್ಟಿಗೆಯ ಚಕ್ರ ಅವನ ಪರವಾಗಿ ಸಾಕ್ಷಿ ಹೇಳಿತು. ಇನ್ನು ಬೇಕಾದದ್ದು ನಿಜವಾದ ರಸ್ತೆ, ನಿಜವಾದ ಮಳೆ, ನಿಜವಾದ ಲಾರಿ.

ರಸ್ತೆಗೆ ಬೇಕಾಗುವಷ್ಟು ಸಿಪ್ಪೆ ಕೂಡಿಸಲು ವರ್ಷಗಳೇ ಹಿಡಿದವು. ಭಾವನ ಮಂಡಿಯದ್ದು ಸಾಲದೆ ಬೀದಿಯ ಮೇಲಿನ ಅರ್ಧದ ಬೇಕರಿಯವನಿಂದಲೂ ತರಿಸಿದ. ತೊಳೆಯುವವಳು ಅಕ್ಕ. ಒಳಗಿನ ತೆಳು ಪೊರೆ ಬಿಡಿಸಿ, ಬಿಸಿನೀರಲ್ಲಿ ಜಾಲಿಸಿ, ಮಹಡಿಯ ಮೇಲೆ ಒಣಗಹಾಕಬೇಕು. ಒಂದು ದಿನ ತಡವಾದರೆ ನಾತ. ಊರಿನ ಕಾಗೆಗಳೆಲ್ಲ ಅವಳ ಮಹಡಿಗೆ ವಿಳಾಸ ಬದಲಾಯಿಸಿದವು. ಪಕ್ಕದ ಮನೆಯವಳು ಕಿಟಕಿ ಧಡಾರನೆ ಮುಚ್ಚಿ ಮಾತು ಬಿಟ್ಟಳು. ಅಕ್ಕ ಬೈದಳು, ಗೊಣಗಿದಳು, ಆದರೆ ಒಂದು ಚೀಲವನ್ನೂ ವಾಪಸು ಕಳಿಸಲಿಲ್ಲ. "ನಮ್ಮ ಮನೆ ಮುಂದಿನ ರಸ್ತೆಗಾದ್ರೂ ಇದು ಬೀಳುತ್ತೇನೋ?" ಅಂತ ಒಮ್ಮೆ ಕೇಳಿದ್ದಳು. "ಬೀಳಬಹುದು" ಅಂದಿದ್ದ ತಮ್ಮ.

ನಗರಸಭೆ ಪ್ರಯೋಗಕ್ಕೆ ಕೊಟ್ಟದ್ದು ನಮ್ಮ ಬೀದಿಯನ್ನೇ. ಡಿಪೋದ ಲಾರಿಗಳು ದಿನವಿಡೀ ಓಡಾಡುವ, ಚರಂಡಿ ಉಕ್ಕುವ ಬೀದಿ. ರಸ್ತೆಯ ಪರೀಕ್ಷೆಗೆ ಹೇಳಿ ಮಾಡಿಸಿದಂಥದ್ದು. ಅರ್ಧಕ್ಕೆ ಮೊಟ್ಟೆ ಸಿಪ್ಪೆಯ ಹೊಸ ಮಿಶ್ರಣ, ಇನ್ನರ್ಧಕ್ಕೆ ಮಾಮೂಲಿ ಮಿಶ್ರಣ. ಮೂರು ಮಳೆಗಾಲ ಎರಡನ್ನೂ ಮುಟ್ಟದೆ ಹಾಗೇ ಬಿಡಬೇಕು, ಯಾವುದು ಎಷ್ಟು ಕೆಟ್ಟಿತು ಅಂತ ಹೋಲಿಸಬೇಕು. ಯಾವ ಅರ್ಧಕ್ಕೆ ಯಾವುದು ಅಂತ ಸಂಶೋಧಕ ಆರಿಸುವಂತಿಲ್ಲ, ಅದು ಆ ವಿದ್ಯೆಯ ಕಟ್ಟಳೆ. ವಿಭಾಗದಲ್ಲಿ ಎರಡು ಚೀಟಿ ಮಡಿಸಿದರು, ಮುಖ್ಯಸ್ಥೆ ಒಂದನ್ನು ಎತ್ತಿದಳು. ಹೊಸ ಮಿಶ್ರಣ ಮೇಲಿನ ಅರ್ಧಕ್ಕೆ, ಬೇಕರಿಯ ಮುಂದಕ್ಕೆ ಹೋಯಿತು. ಮಾಮೂಲಿ ಮಿಶ್ರಣ ಅಕ್ಕನ ಬಾಗಿಲಿಗೆ.

ಮತ್ತೊಮ್ಮೆ ಎತ್ತಿ ಅಂತ ಹೇಳುವಂತಿರಲಿಲ್ಲ. ಹೇಳಿದ್ದರೆ, ಅಕ್ಕನ ಮನೆ ಮುಂದೆ ಒಳ್ಳೆ ರಸ್ತೆ ಹಾಕಿಕೊಂಡ ಅನ್ನುತ್ತಿದ್ದರು. ಹಾಗಂತ ಅಕ್ಕನಿಗೂ ಹೇಳಲಿಲ್ಲ. ಬಾಯಿ ತೆರೆದರೆ ಉಗಿದು ಉಪ್ಪು ಹಾಕುತ್ತಾಳೆ ಅಂತ ಗೊತ್ತಿತ್ತು. ಹೊಸ ರಸ್ತೆ ಕಪ್ಪಗೆ ಮಿಂಚುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು ಎಲ್ಲರಿಗೂ, "ಇದರಲ್ಲಿ ನನ್ನ ಕೈಯ ಸಿಪ್ಪೆ ಇದೆ" ಅಂತ ಹೇಳಿಕೊಂಡಳು. ತಮ್ಮ ತನ್ನ ಚಪ್ಪಲಿಯ ತುದಿ ನೋಡುತ್ತ ನಿಂತಿದ್ದ.

ಎರಡು ಮಳೆ ಹೇಗೋ ಹೋದವು. ಮೂರನೆಯದರಲ್ಲಿ ಕೆಳಗಿನ ಅರ್ಧ ಬಾಯಿಬಿಟ್ಟಿತು. ಮೊದಲು ಮೊಸಳೆ ಚರ್ಮದಂಥ ಬಿರುಕು, ಆಮೇಲೆ ಅಂಗೈಯಗಲದ ತೂತು, ಆಮೇಲೆ ಲಾರಿಯ ಗಾಲಿ ಇಳಿದು ಕೆಸರು ಗೋಡೆಗೆ ಹಾರುವಂಥ ಗುಂಡಿ. ಮೇಲಿನ ಅರ್ಧದಲ್ಲಿ ಒಂದು ಗೀರಿಲ್ಲ. ಪಟ್ಟಿ ಇಟ್ಟು ಬೆಣೆ ತೂರಿಸಿದಾಗ ಮೇಷ್ಟ್ರ ಎದೆ ಕುಣಿಯಿತು. ರಸ್ತೆ ಓದಿದವರ ಲೆಕ್ಕದಲ್ಲಿ, ಬೆಣೆ ಗೊತ್ತುಮಾಡಿದ ಒಂದು ಗೀಟು ದಾಟಿ ಒಳಗೆ ಹೋದರೆ ಆ ರಸ್ತೆ ಸತ್ತಂತೆ. ಮಳೆಗಾಲ ಶುರುವಾದ ಸ್ವಲ್ಪ ದಿನಕ್ಕೇ ಅದು ದಾಟಿತ್ತು.

"ಗೀಟು ದಾಟಿದೆಯಲ್ಲ, ಇಷ್ಟಕ್ಕೇ ವರದಿ ಬರೀಬಹುದು" ಅಂದಳು ಮುಖ್ಯಸ್ಥೆ. "ಆದ್ರೆ ಹೊಸ ಮಿಶ್ರಣಕ್ಕೆ ಒಪ್ಪಿಗೆ ಕೊಡೋ ಸಮಿತಿಯವರು ಪೂರ್ತಿ ಮಳೆಗಾಲದ ಅಳತೆ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಯೋಚನೆ ಮಾಡಿ."

ಯೋಚನೆ ಮಾಡುವಂಥದ್ದೇನೂ ಅವನಿಗೆ ಕಾಣಲಿಲ್ಲ. ಹಿಂದೊಮ್ಮೆ, ಮೊಟ್ಟೆ ಸಿಪ್ಪೆಗೂ ಮುಂಚೆ, ಇನ್ನೊಂದು ಬೀದಿಯಲ್ಲಿ ಇಂಥದ್ದೇ ಪ್ರಯೋಗ ಮಾಡಿದ್ದ. ಯಾರೋ ಮಂತ್ರಿ ಆ ದಾರಿಯಲ್ಲಿ ಬರುತ್ತಾರೆಂದು ನಗರಸಭೆ ಇಡೀ ಬೀದಿಗೆ ಹೊಸ ಡಾಂಬರು ಬಳಿದುಬಿಟ್ಟಿತ್ತು. ವರ್ಷಗಳ ಕೆಲಸ ಒಂದು ಬೆಳಿಗ್ಗೆ ಕಪ್ಪಗೆ ಮುಚ್ಚಿಹೋಯಿತು. ಮಂತ್ರಿ ಬರಲೂ ಇಲ್ಲ. ಸಮಿತಿ, "ಅಪೂರ್ಣ" ಅಂತ ಒಂದೇ ಮಾತಲ್ಲಿ ವಾಪಸು ಕಳಿಸಿತು. ಹಾಗಾಗಿ ಈ ಸಲ ಗುಂಡಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಲು ನಿಂತ. ಈ ಒಂದು ಮಳೆಗಾಲ, ಕೊನೆಯ ಹನಿಯವರೆಗೆ. ಅಷ್ಟು ಸಿಕ್ಕಿದರೆ ಅವನ ರಸ್ತೆ ಊರಿನ ರಸ್ತೆಯಾಗುತ್ತದೆ, ಸಿಗದಿದ್ದರೆ ಮತ್ತೆ ಮೊದಲಿನಿಂದ.

ಇತ್ತ ಬೀದಿಯವರು ಸುಮ್ಮನಿರುತ್ತಾರಾ? ನಗರಸಭೆ ಬರದಿದ್ದರೆ ಜನವೇ ತುಂಬುತ್ತಾರೆ. ಯಾರೋ ಒಡೆದ ಇಟ್ಟಿಗೆ ಹಾಕಿದರು, ಯಾರೋ ಮನೆ ರಿಪೇರಿಯ ಕಸ ಸುರಿದರು. ವಿಚಿತ್ರ ಏನೆಂದರೆ, ಸಂಜೆ ತುಂಬಿದ ಗುಂಡಿ ಬೆಳಿಗ್ಗೆ ಮತ್ತೆ ಖಾಲಿ. ಇಟ್ಟಿಗೆ ಚೂರುಗಳು ಚರಂಡಿಯ ಪಕ್ಕದಲ್ಲಿ ನೀಟಾಗಿ ರಾಶಿ. ಮಳೆಯೇ ಎತ್ತಿ ಹಾಕಿತು ಅಂದರು ಕೆಲವರು. "ಮಳೆ ಯಾವಾಗಿಂದ ಇಟ್ಟಿಗೆ ಜೋಡಿಸಿಡೋದು ಕಲೀತು?" ಅಂದ ಪಂಕ್ಚರ್ ಅಂಗಡಿಯವನು. ಜನ ಅವನನ್ನೇ ಗುಮಾನಿಯಿಂದ ನೋಡಿದರು; ಗುಂಡಿಯಿಂದ ಲಾಭ ಯಾರಿಗೆ ಅಂತ ಎಲ್ಲರಿಗೂ ಗೊತ್ತಿತ್ತು.

ಕಳ್ಳ ಸಿಕ್ಕಿದ್ದು ಅಕ್ಕನ ಕೈಗೆ. ಬೆಳಕು ಹರಿಯುವ ಹೊತ್ತಿಗೆ ಹಾಲು ತರಲು ಬಾಗಿಲು ತೆಗೆದರೆ, ಅವಳ ಸ್ವಂತ ತಮ್ಮ ಹಾರೆ ಹಿಡಿದು, ಭಾವ ಹಿಂದಿನ ದಿನ ತುಂಬಿದ ಕಲ್ಲನ್ನೇ ಕೀಳುತ್ತಿದ್ದ.

"ಲೋ! ಏನೋ ಮಾಡ್ತಿದ್ದೀಯ ನೀನು?"

ಅವನು ನೆಟ್ಟಗೆ ನಿಂತ. ಹಾರೆ ಬೆನ್ನ ಹಿಂದೆ ಹೋಯಿತು.

"ಕಾಣ್ತಿದೆ, ಮುಚ್ಚಿಡಬೇಡ. ನಿನ್ನ ಭಾವ ಸೊಂಟ ಹಿಡಿದುಕೊಂಡು ತುಂಬಿದ್ದು ಅದು."

"ಅಕ್ಕಾ, ಇದು ಮುಟ್ಟಬಾರದ ಭಾಗ."

"ಮುಟ್ಟಬಾರದ ಅಂದ್ರೆ?"

ಆಗ ಹೇಳಿದ. ಚೀಟಿ, ಎರಡು ಅರ್ಧ, ಮಾಮೂಲಿ ಮಿಶ್ರಣ, ಎಲ್ಲ. ಅಕ್ಕ ಹಾಲಿನ ಪಾತ್ರೆ ಹಿಡಿದು ಪೂರ್ತಿ ಕೇಳಿದಳು.

"ಅಂದ್ರೆ ನಾನು ತೊಳೆದ ಸಿಪ್ಪೆಯೆಲ್ಲ ಬೇಕರಿಯವನ ಬಾಗಿಲಿಗೆ?"

"ಚೀಟಿ ಹಾಗೆ ಬಂತು."

"ನಾತ ನನಗೆ, ಕಾಗೆ ನನಗೆ, ಪಕ್ಕದವಳ ಬೈಗುಳ ನನಗೆ. ರಸ್ತೆ ಅವನಿಗೆ. ನನ್ನ ಬಾಗಿಲಿಗೆ ನೀನು ಗುಂಡಿ ಬೇರೆ ತೋಡ್ತೀಯ."

"ತೋಡ್ತಿಲ್ಲ ಅಕ್ಕಾ. ಇದ್ದಿದ್ದನ್ನ ಇದ್ದ ಹಾಗೆ ಇಡ್ತಿದ್ದೀನಿ."

"ಮುಚ್ಚೋ ಬಾಯಿ. ಗುಂಡಿ ಬಿಟ್ಟು ಬಾಯಿ ಮುಚ್ಚು."

ಆ ದಿನದಿಂದ ಅವಳ ಮನೆಯಲ್ಲಿ ಅವನಿಗೆ ಚಹಾ ನಿಂತಿತು. ಆದರೆ ಬೀದಿಯವರ ಮುಂದೆ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಧರಣಿಗೆ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲೇ ಕೂತಳು.

ಹೀಗೆ ಬಾಳೆಗಿಡದ ಬೆಳಿಗ್ಗೆ ಬಂತು. ಮೇಷ್ಟ್ರು ಒಂದು ಚಪ್ಪಲಿಯಲ್ಲಿ ಗುಂಡಿಯ ಅಂಚಿನಲ್ಲಿ ನಿಂತು ಕೈಮುಗಿಯುತ್ತಿದ್ದಾಗಲೇ ಇಂಜಿನಿಯರ್ ಜೀಪಿನಿಂದ ಇಳಿದ. ನಾವು ಘೋಷಣೆ ಎತ್ತಿದೆವು. ಅವನು ಕೈ ಎತ್ತಿ ಸುಮ್ಮನಾಗಿಸಿ, "ನನ್ನ ಮೇಲೆ ಯಾಕ್ರೀ ಕೂಗ್ತೀರ? ಮುಟ್ಟಬೇಡಿ ಅಂತ ಬರೆದುಕೊಟ್ಟವರು ನಿಮ್ಮ ಪಕ್ಕದಲ್ಲೇ ನಿಂತಿದ್ದಾರಲ್ಲ" ಅಂದ.

ಇಡೀ ಬೀದಿ ಮೇಷ್ಟ್ರ ಕಡೆ ತಿರುಗಿತು. ಇಟ್ಟಿಗೆ ಕಿತ್ತವನು ಯಾರು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

"ನಮ್ಮನ್ನೇನು ಇಲಿ ಅಂದ್ಕೊಂಡ್ರೇನ್ರೀ? ಬೋನಿಗೆ ಬಿಟ್ಟು ನೋಡೋಕೆ?" ಪಂಕ್ಚರ್ ಅಂಗಡಿಯವನು ಅವನ ಕಾಲರಿಗೆ ಕೈಹಾಕಿದ. ಇಷ್ಟು ದಿನ ಗುಮಾನಿ ಹೊತ್ತವನ ಸಿಟ್ಟು ಅದು. "ನನ್ನನ್ನ ಕಳ್ಳ ಮಾಡಿದ್ರಲ್ಲ್ರೀ!"

"ನಿಮ್ಮನ್ನಲ್ಲ, ರಸ್ತೆನ ನೋಡ್ತಿದ್ದೀನಿ" ಅಂದ ಮೇಷ್ಟ್ರು. ಅದು ಉತ್ತರವಾಗಲಿಲ್ಲ, ಉರಿಗೆ ಎಣ್ಣೆಯಾಯಿತು. ಯಾರೋ ಪಟ್ಟಿಯನ್ನು ಕಿತ್ತುಕೊಂಡರು, ಯಾರೋ ಬೆನ್ನಿಗೆ ಗುದ್ದಿದರು. ಆಗ ಅಕ್ಕ ಸೆರಗು ಸಿಕ್ಕಿಸಿ ಎದ್ದಳು.

"ಕೈ ತೆಗೀರಿ. ಹೊಡೆಯೋದಾದ್ರೆ ನಾನು ಹೊಡೀತೀನಿ. ಸಣ್ಣವನಿದ್ದಾಗಿಂದ ಹೊಡೆದು ಅಭ್ಯಾಸ ಇದೆ ನನಗೆ."

ಜನ ನಕ್ಕರು, ಕಾಲರು ಹಿಡಿದ ಕೈ ಬಿಟ್ಟಿತು. ಅವಳು ತಮ್ಮನ ಕಡೆ ತಿರುಗಿದಳು.

"ಇನ್ನೆಷ್ಟು ದಿನ ಬೇಕೋ ನಿನಗೆ?"

"ಮಳೆ ಮುಗಿಯೋವರೆಗೆ ಅಕ್ಕಾ. ಅಷ್ಟೇ."

"ಆಮೇಲೆ?"

"ಆಮೇಲೆ ಇಡೀ ಬೀದಿಗೆ ಹೊಸದನ್ನೇ ಹಾಕಿಸ್ತೀನಿ. ಇಂಜಿನಿಯರ್ ಒಪ್ಪಿದ್ದಾರೆ."

ಇಂಜಿನಿಯರ್ ಒಪ್ಪಿದ್ದನೋ ಇಲ್ಲವೋ, ಅಷ್ಟು ಜನರ ಮುಂದೆ ತಲೆ ಆಡಿಸದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಅಕ್ಕ ಬೀದಿಯವರಿಗೆ ಹೇಳಿದಳು: "ಮಳೆ ಮುಗಿಯೋವರೆಗೆ ತಡ್ಕೊಳ್ಳೋಣ. ನನ್ನ ಮಾತು. ಒಂದು ದಿನ ಹೆಚ್ಚಾದ್ರೆ ಈ ಬಾಳೆಗಿಡದ ಜಾಗದಲ್ಲಿ ಇವನನ್ನೇ ನೆಡ್ತೀನಿ."

ನಮಗೆ ಅದು ಒಪ್ಪಿಗೆಯಾಗಲಿಲ್ಲ. ಧರಣಿ ಕೂತು ಗುಂಡಿಯನ್ನು ಉಳಿಸಿಕೊಂಡು ಎದ್ದು ಬಂದ ಹೋರಾಟ ಸಮಿತಿ ಇನ್ನೊಂದಿರಲಾರದು. ಆದರೆ ಬೀದಿ ಅವಳ ಮಾತಿಗೆ ತಲೆ ಬಾಗಿತು. ಗುಂಡಿ ಬಿದ್ದ ಅರ್ಧದ ಎರಡೂ ತುದಿಗೆ ಎಚ್ಚರಿಕೆಗೆ ಕೆಂಪು ಬಟ್ಟೆ ಕಟ್ಟಿದ ಡ್ರಮ್ಮು ಇಟ್ಟರು. ಮೇಷ್ಟ್ರು ದಿನಾ ಬಂದು ಪಟ್ಟಿ ಇಟ್ಟ. ಮೋಡ ಕಂಡರೆ ಪ್ರಯೋಗಾಲಯದಿಂದ ಸೈಕಲ್ ಹತ್ತಿ ಬರುವವನು, ಬಿಸಿಲು ಬಂದರೆ ಯಾಕೆ ಬಂತು ಅಂತ ಚಡಪಡಿಸುವವನು. ಅಕ್ಕ ಕಿಟಕಿಯಿಂದ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು.

ಮಳೆ ಹಿಂದೆಗೆಯುವ ಹೊತ್ತಿಗೆ ಒಮ್ಮೆ ಬಿಟ್ಟೂಬಿಡದೆ ಹೊಡೆಯಿತು. ಬೀದಿಯ ಕೆಳಗಿನ ಅರ್ಧ ಕೆರೆಯಾಯಿತು. ಯಾವುದು ರಸ್ತೆ, ಯಾವುದು ಗುಂಡಿ ಗೊತ್ತಾಗದು. ಭಾವನ ಗಾಡಿ ಬಾಗಿಲವರೆಗೆ ಬರಲಾರದೆ ಡ್ರಮ್ಮಿನ ಆಚೆ ನಿಂತಿತು. ಮೊಟ್ಟೆಯನ್ನು ಕೈಯಲ್ಲೇ ಸಾಗಿಸಬೇಕು. ಅಕ್ಕ ಒಂದರ ಮೇಲೊಂದು ಟ್ರೇ ಹೊತ್ತು ನೀರಿನಲ್ಲಿ ಹೆಜ್ಜೆ ಹಾಕುತ್ತಿದ್ದವಳು ಒಮ್ಮೆಲೇ ಸೊಂಟದವರೆಗೆ ಇಳಿದಳು. ಟ್ರೇಗಳು ನೀರಿನ ಮೇಲೆ ತೇಲಿದವು, ಮೊಟ್ಟೆಗಳು ಒಡೆದು ಮುಳುಗಿದವು. ಬಲಗೈ ಗುಂಡಿಯ ಅಂಚಿಗೆ ಬಡಿದು ಮಣಿಕಟ್ಟು ಮುರಿಯಿತು. ಅವಳು ಕಿರುಚಿದ್ದು ಬೇಕರಿಯವರೆಗೆ ಕೇಳಿಸಿತು.

ಸುದ್ದಿ ಮುಟ್ಟಿದ ಕೂಡಲೇ ತಮ್ಮ ಆಸ್ಪತ್ರೆಗೆ ಓಡಿದ. ತೊಯ್ದು ತೊಪ್ಪೆ, ಕಂಕುಳಲ್ಲಿ ಪಟ್ಟಿ ಹಾಗೇ ಇತ್ತು. ಅಕ್ಕ ಬೆಂಚಿನ ಮೇಲೆ ಕೂತಿದ್ದಳು, ಕೈಗೆ ಹಸಿ ಪ್ಲಾಸ್ಟರು, ಕೂದಲಲ್ಲಿ ಮೊಟ್ಟೆಯ ಲೋಳೆ. ಭಾವ ಒದ್ದೆ ಟವೆಲಿನಿಂದ ಒರೆಸುತ್ತಿದ್ದ. ಮೇಷ್ಟ್ರು ಏದುಸಿರು ಬಿಡುತ್ತ ನಿಂತ. ಬಾಯಿಂದ ಬಂದ ಮೊದಲ ಮಾತು:

"ಯಾವ ಗುಂಡಿ ಅಕ್ಕಾ? ಚರಂಡಿ ಕಡೆಯದಾ, ನಡುವಿನದಾ? ಅಂಚು ಕುಸಿಯಿತಾ?"

ಭಾವನ ಕೈ ನಿಂತಿತು. ಜಗಳ ಅಂದರೆ ದೂರ ಓಡುವ ಮನುಷ್ಯ ಅವನು. ಟವೆಲನ್ನು ಮುದ್ದೆ ಮಾಡಿ ಮೇಷ್ಟ್ರ ಮುಖಕ್ಕೆ ಎಸೆದ. "ನಡುವಿನದು" ಅಂದ. "ಬರ್ಕೊ."

ಮೇಷ್ಟ್ರಿಗೆ ತಾನು ಕೇಳಿದ್ದೇನು ಅಂತ ಆಗ ಕಿವಿಗೆ ಬಿತ್ತು. ಟವೆಲು ಹೆಗಲ ಮೇಲಿಂದ ಜಾರಿತು, ಎತ್ತಿಕೊಳ್ಳಲಿಲ್ಲ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಒಂದು ಕೇಳ್ತೀನಿ, ಸುತ್ತಿ ಬಳಸಿ ಹೇಳ್ಬೇಡ" ಅಂದಳು. "ಆ ರಸ್ತೆ ಕೆಟ್ಟಿದೆ ಅಂತ ನಿಮ್ಮ ಲೆಕ್ಕದಲ್ಲಿ ಯಾವಾಗ ಆಯ್ತು?"

"ಮಳೆಗಾಲದ ಮೊದಲಲ್ಲೇ."

"ಮೊದಲಲ್ಲೇ ಸತ್ತಿದ್ದನ್ನ ಇಷ್ಟು ದಿನ ನಾಡಿ ಹಿಡಿದು ನೋಡ್ತಿದ್ದೀಯಲ್ಲೋ. ಯಾತಕ್ಕೆ?"

ಸಮಿತಿ, ಪೂರ್ತಿ ಮಳೆಗಾಲ, ಹಿಂದಿನ ಸಲ ವಾಪಸು ಬಂದ ಕೆಲಸ. ಹೇಳುವುದಕ್ಕೆ ಎಲ್ಲ ಇತ್ತು. ಪಟ್ಟಿಯನ್ನು ನೆಲಕ್ಕಿಟ್ಟು ಗೋಡೆಗೆ ಒರಗಿ ನಿಂತ. ಅವನು ಹಾಗೆ ಒಂದೇ ಕಡೆ ನಿಂತದ್ದನ್ನು ತಾನು ಯಾವತ್ತೂ ನೋಡಿರಲಿಲ್ಲ ಅಂತ ಭಾವ ಆಮೇಲೆ ಹೇಳಿದ.

ಮಳೆ ಇನ್ನೂ ಮುಗಿದಿರಲಿಲ್ಲ. ಮಾರನೇ ದಿನ ಮಧ್ಯಾಹ್ನ ವಿಶ್ವವಿದ್ಯಾಲಯದ ಟ್ರಾಕ್ಟರು ಜಲ್ಲಿ ತುಂಬಿಕೊಂಡು ಬೀದಿಗೆ ಬಂತು. ಮುಂದೆ ಸೈಕಲ್ಲಿನಲ್ಲಿ ಮೇಷ್ಟ್ರು. ಯಾರನ್ನೂ ಕರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಗುಂಡಿಯ ನೀರನ್ನು ಬಕೆಟ್ಟಿನಿಂದ ಮೊಗೆದು ಚೆಲ್ಲಿ, ಅಂಚುಗಳನ್ನು ಕಡಿದು ನೇರ ಮಾಡಿ, ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ ಸುರಿದು, ದಿಮ್ಮಸಿನಿಂದ ಬಡಿಯತೊಡಗಿದ. ಪಂಕ್ಚರ್ ಅಂಗಡಿಯವನು ಸ್ವಲ್ಪ ಹೊತ್ತು ಕೈಕಟ್ಟಿ ನೋಡಿದ.

"ಅಳತೆ ಕೆಡಲ್ವಾ ಮೇಷ್ಟ್ರೇ?"

"ಕೆಟ್ಟಾಯ್ತು. ಹಿಡ್ಕೊಳ್ಳಿ ಆ ಕಡೆ."

ಅವನು ಹಿಡಿದುಕೊಂಡ. ಕತ್ತಲಾಗುವ ಮೊದಲು ಭಾವನ ಗಾಡಿ ಬಾಗಿಲವರೆಗೆ ಬಂತು. ಅಕ್ಕ ಮಹಡಿಯಿಂದ ನೋಡಿ ಒಳಗೆ ಹೋದಳು.

ವರದಿ ಹೋಯಿತು. ಸಮಿತಿಯ ಮುಂದೆ ಅವನು ನಿಂತು ಮಾತಾಡಬೇಕಿತ್ತು. ಉದ್ದನೆಯ ಮೇಜು, ಆಚೆ ಕನ್ನಡಕಗಳ ಸಾಲು, ಗೋಡೆಯ ಮೇಲೆ ರಸ್ತೆ ಎಷ್ಟು ಕುಸಿಯಿತು ಅಂತ ತೋರಿಸುವ ಎರಡು ಗೆರೆ. ಮೇಲಿನ ಅರ್ಧದ ಗೆರೆ ಚಪ್ಪಟೆಯಾಗಿ ಕೊನೆಯವರೆಗೆ ಹೋಗುತ್ತದೆ. ಕೆಳಗಿನ ಅರ್ಧದ್ದು ಕಡಿದಾಗಿ ಏರಿ, ನಡುವೆಯೇ ಕಡಿದುಹೋಗುತ್ತದೆ. ಮುಖ್ಯಸ್ಥೆ ಆ ಕತೆಯನ್ನು ನಮ್ಮ ಬೀದಿಯಲ್ಲಿ ಚಹಾ ಕುಡಿಯುತ್ತ ಹೇಳಿದ್ದು. ಹಿರಿಯ ಸದಸ್ಯನೊಬ್ಬ ಪೆನ್ನಿನಿಂದ ಆ ತುದಿಯನ್ನು ತೋರಿಸಿ ಕೇಳಿದನಂತೆ:

"ಮಳೆಗಾಲ ಇನ್ನೂ ಇದೆ. ಇಲ್ಲಿ ಯಾಕೆ ನಿಂತಿತು?"

"ಅಲ್ಲಿ ನಮ್ಮಕ್ಕ ಬಿದ್ದಳು ಸಾರ್."

ಒಂದಿಬ್ಬರು ನಕ್ಕರು. ಅವನು ಮಾತ್ರ ನಗಲಿಲ್ಲ. ಸಮಿತಿ ಇವನ ಮಿಶ್ರಣವನ್ನು ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ಇನ್ನೊಂದು ಬೀದಿ, ಮತ್ತೆ ಮೂರು ಮಳೆಗಾಲ ಅಂತ ಹೇಳಿ ಕಳಿಸಿತು. ನಮ್ಮ ಬೀದಿಗೆ ಹೊಸ ಡಾಂಬರು ಹಾಕಿಸುವ ಮಾತಿಗೆ ಇಂಜಿನಿಯರ್ ಕಿವಿ ಕೇಳಿಸದವನಾದ. ಅದಕ್ಕೆ ನಾವು ಮತ್ತೆ ರಸ್ತೆಗಿಳಿದೆವು; ಈ ಸಲ ಮೇಷ್ಟ್ರೂ ನಮ್ಮ ಜೊತೆ ಕೂತ. ಕೂತ ಅಂದರೆ, ಐದು ನಿಮಿಷ ಕೂತು, ಹತ್ತು ನಿಮಿಷ ಸಾಲಿನ ಉದ್ದಕ್ಕೂ ಓಡಾಡಿದ. ಪೊಲೀಸರು ಅವನೇ ಮುಖಂಡ ಅಂತ ತಿಳಿದು ಮೊದಲು ಅವನನ್ನೇ ವ್ಯಾನಿಗೆ ಹತ್ತಿಸಿದರು.

ಈಗ ಇನ್ನೊಂದು ಬೀದಿಯಲ್ಲಿ ಕೆಲಸ ಶುರುವಾಗಿದೆ. ಅಲ್ಲಿ ಚೀಟಿ ಎತ್ತಿದ್ದು ವಿಭಾಗದಲ್ಲಲ್ಲ. ಬೀದಿಯವರನ್ನು ಕರೆದು, ಒಂದರ್ಧ ಬೇಗ ಕೆಡುತ್ತದೆ, ಯಾವುದು ಅಂತ ಚೀಟಿ ಹೇಳುತ್ತದೆ ಅಂತ ಮೊದಲೇ ತಿಳಿಸಿ, ಅವರಿಂದಲೇ ಎತ್ತಿಸಿದ. ಬೆಣೆ ಗೀಟು ದಾಟಿದ ದಿನವೇ ಗುಂಡಿ ಮುಚ್ಚುವುದು, ಗೆರೆ ಅಲ್ಲಿಗೇ ನಿಲ್ಲುವುದು ಅಂತ ಶುರುವಿನಲ್ಲೇ ಸಮಿತಿಗೂ ಹೇಳಿದ್ದಾನೆ. ಅವರು ಒಪ್ಪುತ್ತಾರೋ ಇಲ್ಲವೋ ಅಂತ ನೆಟ್ಟಗೆ ನಿದ್ದೆ ಮಾಡಿಲ್ಲ. ಈ ಯೋಜನೆ ಮುಗಿಯುವವರೆಗೆ ಕುರ್ಚಿ ಇರುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

ಅಕ್ಕನ ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿತು. ಬಿಸಿನೀರಲ್ಲಿ ಹೆಚ್ಚು ಹೊತ್ತು ಕೈ ಇಟ್ಟರೆ ಸೆಳೆಯುತ್ತದೆ. ಹೊಸ ಬೀದಿಗೆ ಸಿಪ್ಪೆ ಬೇಕು ಅಂತ ತಮ್ಮ ಬಾಗಿಲಲ್ಲಿ ನಿಂತಾಗ ಅವಳು ಚೀಲ ತೋರಿಸಿದಳು, ಮೆಟ್ಟಿಲು ತೋರಿಸಿದಳು.

"ಬೇಕಾದ್ರೆ ನೀನೇ ತೊಳ್ಕೊ. ಪೊರೆ ಪೂರ್ತಿ ತೆಗಿ, ಅರ್ಧಂಬರ್ಧ ಮಾಡಬೇಡ. ನಾತ ಬಂದ್ರೆ ನಿನ್ನನ್ನೂ ಸೇರಿಸಿ ಕೆಳಗೆ ಎಸೀತೀನಿ."

ಭಾನುವಾರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ತಲೆ ಎತ್ತಿ ನೋಡಿದರೆ ಮಹಡಿಯ ಮೇಲೆ ಮೇಷ್ಟ್ರು ಕಾಣುತ್ತಾನೆ. ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಸಿಪ್ಪೆಯ ಪೊರೆ ಬಿಡಿಸುತ್ತಾನೆ, ಏಳುತ್ತಾನೆ, ಕಾಗೆ ಓಡಿಸುತ್ತಾನೆ, ಕಟ್ಟೆಯ ಮೇಲಿಂದ ಬಗ್ಗಿ ತಾನೇ ಮುಚ್ಚಿದ ಗುಂಡಿಯನ್ನು ನೋಡುತ್ತಾನೆ, ಮತ್ತೆ ಬಂದು ಕೂರುತ್ತಾನೆ. ಆ ಜಲ್ಲಿ ಒಂದು ಕಡೆ ಆಗಲೇ ಸ್ವಲ್ಪ ಕುಸಿದಿದೆ.